ಒಂದೇ ವಿಮಾನದ ಎರಡು ಹೆಸರು

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ! ಲಕ್ಷ್ಮೇಶ್ವರದ ನಮ್ಮ ಓಣಿಗೆಲ್ಲ ಪೇಢೆ ಹಂಚಿ ಮುಗಿಸಿ ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಸೊಟ್ಟ ಬಂದರೆ ಬರಲಿ, ಸಂತೋಷ ಎದೆಯೊಳಗೆ ಹಿಡಿಯುತ್ತಿಲ್ಲ. ಆದರೆ ಆ ಕೂಸು ಬಂದ ದಿನ ನನಗಾದ ಗಾಬರಿಯನ್ನೂ ಹೇಳಲೇಬೇಕು.

ಮಗಳು, ಅಳಿಯ ಇರುವುದು ಮಸ್ಕತ್ತಿನಲ್ಲಿ. ಅಳಿಯ ಅಲ್ಲಿ ಏ.ಸಿ. ರಿಪೇರಿ ಮಾಡುತ್ತಾನೆ. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಗದಗ ಆಯಿತು, ಹುಬ್ಬಳ್ಳಿ ಆಯಿತು, ತೋರಿಸದ ದವಾಖಾನೆ ಇಲ್ಲ. ಕೊನೆಗೆ ಬಸಿರು ನಿಂತಾಗ ಡಾಕ್ಟರು ಪ್ರಯಾಣವೇ ಬೇಡವೆಂದರು, ಹೆರಿಗೆ ಅಲ್ಲಿಯೇ ಆಯಿತು. ನಾವು ಕೂಸನ್ನು ಕಂಡದ್ದು ಮೊಬೈಲಿನಲ್ಲಿ ಮಾತ್ರ. ಕೂಸಿಗೆ ಕುತ್ತಿಗೆ ನಿಂತ ಮೇಲೆ, ನಮ್ಮ ಮನೆಯಲ್ಲೇ ತೊಟ್ಟಿಲಿಗೆ ಹಾಕಿ ಹೆಸರಿಡೋಣ ಎಂದು ಮಾತಾಯಿತು.

ಮೂವರೂ ಕೂಡಿ ಬರುತ್ತಾರೆ ಎಂದಾಗ ನನಗೆ ದಿಗಿಲಾಯಿತು; ಮೂವರು ಕೂಡಿ ಹೊರಟರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಶಿರಹಟ್ಟಿಯಿಂದ ಮುಂಡರಗಿ ಎಂದು ಹರೆಯವೆಲ್ಲ ಟೆಂಪೋ ಓಡಿಸಿದವನು ನಾನು. ಒಂದೇ ಮನೆಯ ಮೂವರು ಶುಭಕಾರ್ಯಕ್ಕೆ ಹೊರಟರೆ ಹಾಗೇ ಗಾಡಿ ಬಿಡುತ್ತಿರಲಿಲ್ಲ. ಒಮ್ಮೆ ಡೋಣಿ ಊರಿನವರು ಮೂವರು ಕನ್ಯೆ ನೋಡಲು ಹೊರಟು ಬಂದು ಹತ್ತಿದರು. ಇಳಿದು ಹೋಗಿ ರಸ್ತೆಯ ಬದಿಯ ಕಲ್ಲೊಂದನ್ನು ತಂದು ಅವರ ಪಕ್ಕ ಇಟ್ಟೆ. ಕಲ್ಲು ನಾಲ್ಕನೆಯದಾಯಿತು, ಗಾಡಿ ಹೊರಟಿತು. ಮಗಳು ಆಗ ಚಿಕ್ಕವಳು, ನನ್ನ ಬಾಜೂ ಕುಳಿತು ಅದನ್ನೆಲ್ಲ ನೋಡುತ್ತಿದ್ದಳು.

ಟಿಕೆಟ್ ನೋಡಲು ಸೊಸೆ ಮೊಬೈಲು ಹಿಡಿದು ಕಟ್ಟೆಯ ಮೇಲೆ ಕುಳಿತಳು.

"ಮಾವಾರ, ಇಲ್ಲಿ ನೋಡ್ರಿ. ಗೋವಾಕ್ಕ ಎರಡು ವಿಮಾನ ಅದಾವು. ಬಿಡೂದೂ ಒಂದ ಟೈಮು, ಮುಟ್ಟೂದೂ ಒಂದ ಟೈಮು. ಕಂಪನಿ ಅಷ್ಟ ಬ್ಯಾರೆ."

"ದರ?"

"ಇದು ಸೋವಿ ಐತ್ರಿ. ಅದು ಇದರ ಒಂದೂವರಿ ಪಟ್ಟು."

"ಯಾಕ? ಜಲ್ದಿ ಮುಟ್ಟಸತೈತೇನು?"

"ಇಲ್ರಿ. ಒಂದ ಟೈಮು ಅಂದ್ನೆಲ್ರಿ."

"ಊಟ ಗೀಟ ಕೊಡ್ತಾರೇನು?"

"ಎರಡರಾಗೂ ಕೊಡ್ತಾರ್ರಿ."

"ಮತ್ತ ಯಾಂವ ಹುಚ್ಚ ಅದನ್ನ ಹತ್ತತಾನ?"

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ನಿಮ್ಮ ಟೆಂಪೋನೂ ಹತ್ತತಿದ್ರಲ್ಲ ಮಂದಿ!"

ಆ ಹುಚ್ಚನನ್ನು ನಾನೇ ಹುಡುಕಿದೆ. ಒಂದೇ ಹೊತ್ತಿಗೆ ಎರಡು ವಿಮಾನ ಹಾರುವುದಾದರೆ ಮೂವರನ್ನು ಒಡೆಯಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಸಂಜೆ ಅಳಿಯನ ಫೋನು ಬಂದಾಗ ಹೇಳಿಯೇಬಿಟ್ಟೆ.

"ತಾಯಿ-ಮಗಳು ಸೋವಿ ವಿಮಾನಕ್ಕ ಬರ್ಲಿ. ನೀವು ತುಟ್ಟಿದಕ್ಕ ಬರ್ರಿ, ಅಳಿಯಂದ್ರ."

"ಮಾವಾರ, ಒಂದ ಟೈಮಿಗೆ ಬರಾಕ ಹೆಚ್ಚಿನ ರೊಕ್ಕ ಯಾಕ್ರಿ?"

"ಹೆಚ್ಚಿಂದ ನಾ ಕೊಡ್ತೀನಿ. ಮೂವರು ಕೂಡಿ ಹೊರಡಬ್ಯಾಡ್ರಿ."

ಮಗಳು ಮೊಬೈಲಿನಲ್ಲಿ ಮುಖ ತೋರಿಸಿದಳು. "ಅಪ್ಪಾ, ಒಂದು ಕಲ್ಲ ತಗೊಂಡು ಬರ್ತೀನಿ. ಆತಿಲ್ಲೋ?"

"ಟೆಂಪೋದಾಗ ನಡೀತು ಯವ್ವಾ. ವಿಮಾನದಾಗ ಕಲ್ಲ ಯಾರ ಬಿಡ್ತಾರ?"

ಅಳಿಯ ಪಾಪ, ಹೇಳಿದಂತೆ ಟಿಕೆಟ್ ತೆಗೆಸಿದ.

ಆ ದಿನ ಮಗನ ಕಾರಿನಲ್ಲಿ ನಸುಕಿನಲ್ಲೇ ಗೋವಾಕ್ಕೆ ಹೋದೆವು. ಮರೆಯಬಾರದೆಂದು ಸೊಸೆ ಎರಡೂ ವಿಮಾನದ ನಂಬರನ್ನು ನನ್ನ ಬಲ ಅಂಗೈ ಮೇಲೆ ಪೆನ್ನಿನಿಂದ ಬರೆದಿದ್ದಳು. ಮಗ ಕಾರು ನಿಲ್ಲಿಸಲು ಹೋದ. ನಾನು ಒಬ್ಬನೇ ಬಾಗಿಲ ಎದುರು ನಿಂತೆ. ಮೇಲೆ ದೊಡ್ಡ ಹಲಗೆಯ ಮೇಲೆ ಬಂದ ವಿಮಾನದ ಹೆಸರುಗಳು ಬೆಳಗುತ್ತಿದ್ದವು. ಅಂಗೈ ನೋಡಿ, ಹಲಗೆ ನೋಡಿ, ಅಳಿಯನ ನಂಬರು ಹಿಡಿದೆ. ಸಮಾಧಾನವಾಯಿತು. ಮಗಳದ್ದು ಎಲ್ಲಿ ಎಂದು ಹುಡುಕಿ ಮತ್ತೆ ನೋಡುತ್ತೇನೆ, ಅಳಿಯನ ನಂಬರೇ ಇಲ್ಲ! ಅದೇ ಜಾಗದಲ್ಲಿ ಮಗಳ ನಂಬರು ನಿಂತಿದೆ. ಕಣ್ಣು ಉಜ್ಜಿಕೊಂಡೆ. ಈಗ ಅಳಿಯನದು ಬಂತು, ಮಗಳದು ಹೋಯಿತು. ಒಂದು ಬಂದರೆ ಇನ್ನೊಂದು ಅಳಿಸಿಹೋಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಸಮವಸ್ತ್ರದ ಹುಡುಗಿಗೆ ಬಂದಷ್ಟು ಹಿಂದಿಯಲ್ಲಿ ಕೇಳಿದೆ, ಮಸ್ಕತ್ತಿನ ಎರಡೂ ವಿಮಾನ ಬಂದವೇ ಎಂದು. ಆಕೆ ನಕ್ಕು ಒಂದು ಬೆರಳು ತೋರಿಸಿದಳು. ಒಂದೇ ಬಂದಿದೆಯಂತೆ.

ಒಂದೇ! ಹಾಗಾದರೆ ಯಾವುದು ಬಂದಿಲ್ಲ? ಮಗಳು, ಕೂಸು ಇದ್ದದ್ದೋ, ಅಳಿಯ ಇದ್ದದ್ದೋ? ಅವರನ್ನು ಬೇರೆ ಬೇರೆ ಮಾಡಿದವನು ನಾನೇ ಅಲ್ಲವೇ? ಮಗ ಓಡಿ ಬಂದಾಗ ನಾನು ಕಂಬ ಹಿಡಿದು ನಿಂತಿದ್ದೆ.

"ಲೇ, ಎರಡರಾಗ ಒಂದು ವಿಮಾನ ಬಂದಿಲ್ಲೋ! ಯಾವುದಂತ ಕೇಳಲೇ ಜಲ್ದಿ!"

ಅವನು ಕೇಳುವುದಕ್ಕೆ ಮೊದಲೇ ಗಾಜಿನ ಬಾಗಿಲು ಸರಿಯಿತು. ಸಾಮಾನಿನ ಗಾಡಿ ತಳ್ಳುತ್ತ ಅಳಿಯ ಬಂದ. ಅವನ ಭುಜಕ್ಕೆ ಭುಜ ತಾಗಿಸಿಕೊಂಡು ಮಗಳು, ಅವಳ ಹೆಗಲ ಮೇಲೆ ಕೂಸು. ಮೂವರೂ ಒಂದೇ ಬಾಗಿಲಿನಿಂದ.

"ನಿಮ್ಮ ವಿಮಾನ ಎಲ್ಲೈತ್ರಿ?" ಎಂದೆ ಅಳಿಯನಿಗೆ. ಬರಮಾಡಿಕೊಳ್ಳುವ ಮಾತೂ ಬಾಯಿಗೆ ಬರಲಿಲ್ಲ.

"ಎರಡೂ ಒಂದ ವಿಮಾನ ಅಂತ್ರಿ ಮಾವಾರ. ಆ ಎರಡು ಕಂಪನಿ ಪಾಲುದಾರ್ರಂತ. ವಿಮಾನ ಒಬ್ಬರದು, ಟಿಕೆಟ್ ಇಬ್ಬರೂ ತಮ್ಮ ತಮ್ಮ ಹೆಸರಿಲೆ ಮಾರ್ತಾರ. ಕೆಳಗ ಸಣ್ಣ ಅಕ್ಷರದಾಗ ಬರದಿದ್ರಂತ, ನಾವು ಯಾರೂ ಓದಲಿಲ್ಲ. ಅಲ್ಲಿ ಕೌಂಟರಿಗೆ ಹೋದ ಮ್ಯಾಲೆ ತಿಳೀತು. ಬಾಜೂ ಬಾಜೂ ಸೀಟ ಕೊಟ್ರು."

ಹಲಗೆಯೂ ಒಂದೇ ವಿಮಾನದ ಎರಡು ನಂಬರನ್ನೇ ಸರದಿಯಂತೆ ತೋರಿಸುತ್ತಿತ್ತು. ಮೂವರೂ ಕೂಡಿಯೇ ಸಮುದ್ರ ದಾಟಿದ್ದಾರೆ! ಕೂಸಿನ ಮುಖ ನೋಡಿದೆ, ಕೈ ಕಾಲು ಮುಟ್ಟಿ ನೋಡಿದೆ. ಅದು ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು, ಬಿಡಲೇ ಇಲ್ಲ.

"ಅಂಜಬ್ಯಾಡಪ್ಪಾ, ನಾವು ನಾಲ್ಕು ಮಂದಿ ಬಂದೇವಿ," ಎಂದು ಮಗಳು ಕೂಸಿನ ಚೀಲಕ್ಕೆ ಕೈ ಹಾಕಿದಳು. ಬಟ್ಟೆ, ಹಾಲಿನ ಬಾಟಲಿಯ ನಡುವಿನಿಂದ ಲಿಂಬೆಹಣ್ಣಿನಷ್ಟು ದಪ್ಪದ ಬಿಳಿ ಕಲ್ಲು ಹೊರಬಂತು. "ಕೌಂಟರಿನ್ಯಾಗ ವಿಷಯ ತಿಳಿದ ಕೂಡಲೇ ನಿನ್ನ ನೆನಪಾತು. ಹೊರಗ ಓಡಿಹೋಗಿ ಹೂವಿನ ಕುಂಡದಾಗಿಂದ ತಂದೆ. ತಪಾಸಣಿಯವರು ಇದೇನು ಅಂದ್ರು. ನಮ್ಮಪ್ಪ ಹೇಳಿದ ನಾಲ್ಕನೆಯವ್ರು ಅಂದೆ. ನಕ್ಕು ಬಿಟ್ಟರು."

ವಿಮಾನ ನಿಲ್ದಾಣದಲ್ಲಿ ಮಂದಿ ನೋಡುತ್ತಿದ್ದಾರೆ ಎನ್ನುವುದೂ ಮರೆತು ನಾನು ಅತ್ತುಬಿಟ್ಟೆ.

ಕಾರಿನಲ್ಲಿ ಕುಳಿತ ಮೇಲೆ ದರದ ಮಾತು ನೆನಪಾಗಿ ಮತ್ತೆ ತಲೆ ಕಾದಿತು. ಮಗಳ ಸೀಟಿಗೆ ಒಂದು ದರ, ಬಾಜೂ ಸೀಟಿಗೆ ಅದರ ಒಂದೂವರೆ ಪಟ್ಟು. ಅದೇ ವಿಮಾನ, ಅದೇ ಗಾಳಿ, ಅದೇ ಊಟ! ನನ್ನ ಟೆಂಪೋದಲ್ಲಿ ಒಂದೇ ಸೀಟಿನ ಇಬ್ಬರಿಗೆ ಎರಡು ದರ ಹೇಳಿದ್ದರೆ ಮುಂಡರಗಿ ಸ್ಟ್ಯಾಂಡಿನಲ್ಲಿ ಅಂಗಿ ಹಿಡಿದು ಎಳೆಯುತ್ತಿದ್ದರು. ಒಂದು ಗಾಡಿಗೆ ಎರಡು ಬೋರ್ಡು ಹಾಕುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಹೆಚ್ಚಿನ ರೊಕ್ಕ ನನ್ನದೇ ಎಂದು ಜೇಬಿಗೆ ಕೈ ಹಾಕಿದರೆ ಅಳಿಯ ಕೈ ಹಿಡಿದ.

"ಬಿಡ್ರಿ ಮಾವಾರ. ತುಟ್ಟಿ ಟಿಕೆಟ್ ಅಂತ ಖುರ್ಚಿ ಮ್ಯಾಲೆ ಸರಿಯಾಗಿ ಒರಗಿ ಕುಂತು ಬಂದೇನಿ!"

ಹೊತ್ತು ಮುಳುಗುವಾಗ ಮನೆ ಮುಟ್ಟಿದೆವು. ಹೆಂಡತಿ ಬಾಗಿಲಲ್ಲೇ ಕೂಸಿಗೆ ಆರತಿ ಎತ್ತಿ ದೃಷ್ಟಿ ತೆಗೆದಳು. ನಡೆದದ್ದನ್ನೆಲ್ಲ ಕೇಳಿ ಅವಳೂ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಆ ಕಲ್ಲನ್ನು ಇಸಿದುಕೊಂಡು ತೊಳೆದು ಒರೆಸಿದಳು.

ಆ ಸಂಜೆ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತೆವು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಹೋಳಿಗೆ, ತುಪ್ಪ. ಸಾಲಿನ ತುದಿಗೆ ಕಲ್ಲನ್ನೂ ಕೂರಿಸಿದರು. ಸೊಸೆ ಅದರ ಮುಂದೆ ಹೋಳಿಗೆಯ ಚೂರು ಇಟ್ಟು, "ಆ ವಿಮಾನದಾಗ ಎಲ್ಲಾರಕಿಂತ ಸೋವಿ ಬಂದಾಂವ ಇಂವ ಒಬ್ಬನ ನೋಡ್ರಿ ಮಾವಾರ," ಎಂದಳು. ನಕ್ಕು ನಕ್ಕು ಅಳಿಯನಿಗೆ ನೆತ್ತಿಗೆ ಹತ್ತಿತು. ನಾನು ಎಡಗೈಯಲ್ಲಿ ಮೊಮ್ಮಗಳನ್ನು ಅವಚಿಕೊಂಡು ಬಲಗೈಯಲ್ಲಿ ಉಂಡೆ. ಅಂಗೈಯ ಮೇಲೆ ಬರೆದ ಎರಡೂ ನಂಬರು ತುಪ್ಪಕ್ಕೆ ಕಲಸಿ ಒಂದೇ ಆಗಿದ್ದವು.