ಪೇಟ ಸೇರಿಸಿ ಅಳೆದ ಬಿಲ್ಲು

ಬಿಲ್ಲು ಮುರಿದು ಕಣ್ಣಿಗೆ ಚುಚ್ಚಬಹುದಿತ್ತು. ಹೆದೆ ಕಿತ್ತುಹೋಗಿ ಕಿವಿ ಹರಿಯಬಹುದಿತ್ತು. ಬಾಣ ಹಂದಿಯನ್ನು ಬಿಟ್ಟು ಮಾವನವರ ಬೆನ್ನಿಗೆ ನಾಟಿ, ಹೆಂಡತಿ ಜನ್ಮವಿಡೀ ಅದನ್ನೇ ಹೇಳಬಹುದಿತ್ತು. ಚಾಮುಂಡಿ ಬೆಟ್ಟದ ತಪ್ಪಲಿಗೆ ಬೇಟೆಗೆ ಹೊರಡುವ ಮುಂಚೆ ಒಂದು ವಾರ ಇದನ್ನೇ ನೆನೆದು ಬೆವರಿದ್ದೆ. ಹೋಗದೆ ವಿಧಿಯಿರಲಿಲ್ಲ. ಗುಮಾಸ್ತನಾದ ನನಗೆ ಮಾವ 'ಮಸಿಕುಡಿಕೆ' ಎಂದು ಹೆಸರಿಟ್ಟಿದ್ದರು. ಒಂದು ಹಂದಿ ಹೊಡೆದು ಆ ಹೆಸರನ್ನು ಅಳಿಸಬೇಕಿತ್ತು.

ಅಶೋಕಪುರಂ ಕಡೆಯ ಮುದುಕನೊಬ್ಬ ಬಿದಿರಿನ ಬಿಲ್ಲು ಮಾಡುತ್ತಿದ್ದ. ಅವನ ಜಗಲಿಯ ತುಂಬ ಹೆದೆಗೆ ಸವರುವ ಕೊಬ್ಬಿನ ಕಮಟು ನಾತ. ನಾನು ಮೂಗು ಮುಚ್ಚಿಕೊಂಡೇ ನಿಂತೆ.

"ಬಿಲ್ಲು ನಿಮ್ಮ ತಲೆ ಮೀರಬಾರದು ಸ್ವಾಮಿ. ಪೊದೆಯಲ್ಲಿ ಬಗ್ಗಿದಾಗ ನೆಲಕ್ಕೆ ತಾಕ್ತದೆ. ಪೇಟ ತೆಗೀರಿ, ಅಳೀತೀನಿ" ಅಂದ.

ಪಕ್ಕದಲ್ಲೇ ಮಾವ ನಿಂತಿದ್ದರು. ನನ್ನ ಬೋಳುತಲೆ ಕಂಡು ಅವರಿಗೆ ಇನ್ನೊಂದು ಹೆಸರು ಹೊಳೆಯುವುದು ಬೇಡವೆಂದು "ಹಿಂಗೇ ಅಳೆ" ಅಂದುಬಿಟ್ಟೆ.

ಬೇಟೆಯ ದಿನ ಪೊದೆಯಲ್ಲಿ ಹಂದಿ ಕಂಡಿತು. ಮಂಡಿಯೂರಿ, ಬಗ್ಗಿ, ಹೆದೆ ಎಳೆದೆ. ಪೇಟದಷ್ಟು ಉದ್ದ ಹೆಚ್ಚಾಗಿದ್ದ ಬಿಲ್ಲಿನ ಕೆಳತುದಿ ಮೆತ್ತಗಿನ ಯಾವುದರಲ್ಲೋ ಹೂತುಕೊಂಡಿತು. ಬಾಣ ಬಿಟ್ಟೆ. ಬಿಲ್ಲು ಮುರಿಯಲಿಲ್ಲ, ಹೆದೆ ಕಿತ್ತುಹೋಗಲಿಲ್ಲ, ಮಾವನ ಬೆನ್ನಿಗೂ ಏನೂ ಆಗಲಿಲ್ಲ, ಹಂದಿಗೂ ಆಗಲಿಲ್ಲ. ಹಂದಿ ಆಗತಾನೆ ಹಾಕಿದ್ದ ಹೇಲು ಮಾತ್ರ ಬಿಲ್ಲಿನ ತುದಿಯಿಂದ ಚಿಮ್ಮಿ ನನ್ನ ಮೀಸೆಗೆ, ತುಟಿಗೆ, ತೆರೆದ ಬಾಯಿಗೆ ಬಿತ್ತು. ಬಿಸಿಯಾಗಿತ್ತು. ಥೂ, ಬರೆಯುವಾಗಲೂ ಬಾಯಿ ಮುಕ್ಕಳಿಸುತ್ತಿದ್ದೇನೆ. ಒರೆಸಲು ಬೇರೆ ಬಟ್ಟೆಯಿಲ್ಲದೆ ಪೇಟವನ್ನೇ ಕಿತ್ತೆ.

ಮಾವ ನನ್ನ ತಲೆಯನ್ನು ನಿಧಾನವಾಗಿ ನೋಡಿದರು.

"ಇದನ್ನ ಅವತ್ತೇ ತೋರಿಸಬಾರದಿತ್ತಾ ಅಳಿಯಂದ್ರೇ? ಮೊದ್ಲು ಉಗೀರಿ, ನುಂಗ್ಬುಟ್ಟೀರಿ!"