ಗೋಡೆಯ ಪಾಲಿನ ನೀರು

ನಮ್ಮೆಲ್ಲರ ಭಾರ ಹೊತ್ತೂ ಬೇಸರಿಸದ ಭೂತಾಯಿಗೆ, ಅವಳ ಒಡಲಿನಿಂದ ಬಂದು ನಮ್ಮ ಬಿಂದಿಗೆ ತುಂಬುವ ಗಂಗಮ್ಮನಿಗೆ ಮೊದಲು ಕೈಮುಗಿದು ಈ ನಾಲ್ಕು ಮಾತು ಬರೆಯುತ್ತೇನೆ.

ಈ ಬೇಸಿಗೆಯ ಒಂದು ಮುಂಜಾನೆ ಪೂಜೆಗೆ ನೀರು ಸೇದಲು ಹೋದಾಗ ಬಾವಿಕಟ್ಟೆಯ ಬಳಿ ದುರ್ವಾಸನೆ ಮೂಗಿಗೆ ಬಡಿಯಿತು. ಅದು ಬಾವಿಯದಲ್ಲ, ಸಿಂಧನೂರಿನ ನಮ್ಮ ಓಣಿಯಡಿ ಹಾಯ್ದ ಒಳಚರಂಡಿಯದು. ಗಾಬರಿಯಾಗಿ ನಿಂತವನಿಗೆ, ಕಾಲಬುಡದಲ್ಲಿ ಬಿರುಕುಬಿಟ್ಟ ನೆಲ ಕಂಡು, ಅತ್ತೆಯ ನೆನಪಾಯಿತು.

ಮಸ್ಕಿಯಿಂದ ಬಂದು ನಮ್ಮಲ್ಲೇ ನೆಲೆಸಿದ್ದ ಸೋದರತ್ತೆ ಬೇಸಿಗೆಯಲ್ಲಿ ಬಚ್ಚಲ ನೀರನ್ನು ಹರಿಯಗೊಡುತ್ತಿರಲಿಲ್ಲ. ಹಿಡಿದಿಟ್ಟು, ಸಂಜೆ ಗೋಡೆಯ ಬುಡದ ಸುತ್ತ ಸಣ್ಣಗೆ ಸುರಿಯುವಳು. ಪಾಠಶಾಲೆಯಿಂದ ರಜೆಗೆ ಬಂದ ನಾನು, ಶ್ಲೋಕ ಬಲ್ಲ ಗತ್ತಿನಲ್ಲಿ, "ಗ್ವಾಡಿಗೂ ಮಡಿ ಏನತ್ತೀ?" ಎಂದು ನಗುತ್ತಿದ್ದೆ.

"ನಗಬ್ಯಾಡಲೇ ತಮ್ಮಾ. ಇದು ಎರಿ ಭೂಮಿ. ಒಣಗಿದ್ರ ಬಿರೀತೈತಿ, ನೆನೆದ್ರ ಉಬ್ಬತೈತಿ. ಇಷ್ಟಿಷ್ಟು ಕುಡಿಸಿದ್ರ ಸುಮ್ಮಕ ಮಲಗಿರತೈತಿ. ನಿನ್ನ ಶ್ಲೋಕ ಕೇಳಿ ಗ್ವಾಡಿ ನಿಂದ್ರಂಗಿಲ್ಲ."

ಅತ್ತೆ ತೀರಿಹೋದಳು, ಒಳಚರಂಡಿ ಬಂತು. ಅದು ದೊಡ್ಡ ಸೌಖ್ಯ, ಬಯ್ಯಲಾರೆ. ನೆಲಕ್ಕೆ ಸಲ್ಲುತ್ತಿದ್ದ ಪಾಲು ಮಾತ್ರ ನಿಂತುಹೋಯಿತು. ಈ ಬಿಸಿಲಿಗೆ ಎರೆಮಣ್ಣು ಬಿರಿದು ಕುಸಿದು, ಕೊಳವೆಯ ಕೀಲು ಬಿಟ್ಟಿತ್ತು.

ನೆರೆಮನೆಯ ಹುಸೇನಪ್ಪ ಬಿರುಕಿನಲ್ಲಿ ಇಣುಕಿ, "ಮಳಿ ಬಂದ್ರ ಹೊಲಸೆಲ್ಲಾ ನಿಮ್ಮ ಬಾವಿಗೇ ರೀ. ಮುಚ್ಚಿಬಿಡ್ರಿ ಅದನ್ನ," ಎಂದ. ಅತ್ತೆ ಸೇದಿದ ಬಾವಿ, ಓಣಿಯೆಲ್ಲ ಕುಡಿಯುವ ಬಾವಿ.

ಅವನ ಹೆಂಡತಿ ಶರಣಮ್ಮ ಬಾಗಿಲಿಂದಲೇ ಗಂಡನನ್ನು ಗದರಿದಳು: "ಪೈಪು ಒಡದೈತಿ, ಬಾವಿ ಏನು ತಪ್ಪು ಮಾಡೈತಿ? ಮುಚ್ಚಾಕ ಮುಂದ ಬರ್ತೀರಿ, ಅಗಿಯಾಕ ಮಾತ್ರ ನಿಮಗ ಸೊಂಟನೋವು."

ಅವಳೇ ಓಣಿಯ ಹೆಂಗಸರನ್ನು ಕರೆದುಕೊಂಡು ನಗರಸಭೆಗೆ ಹೋಗಿ ಕೂತಳು. ಕೆಲಸದವರು ಬಂದರು, ಓಣಿಯ ಗಂಡಸರೂ ಸಲಿಕೆ ಹಿಡಿದರು, ಹುಸೇನಪ್ಪನೂ ಸೇರಿ. ಎರೆಮಣ್ಣು ತೆಗೆದು ಮರಳು ಹಾಸಿ, ನೆಲ ಅಲುಗಿದರೆ ತಾನೂ ಕೊಂಚ ಅಲುಗುವ, ಕೀಲಿಗೆ ರಬ್ಬರ್ ಬಳೆಯಿರುವ ಕೊಳವೆ ಕೂಡಿಸಿದರು. ನಾನು ಅಂದಿನಿಂದ ಸ್ನಾನದ ನೀರು ಹೊತ್ತು ಗೋಡೆಯ ಬುಡಕ್ಕೆ ಸುರಿಯತೊಡಗಿದೆ.

"ಏನ್ರೀ, ಗ್ವಾಡಿಗೆ ಅಭಿಷೇಕ ನಡಸೀರಿ?" ಎಂದ ಹುಸೇನಪ್ಪ.

"ಹೌದಪಾ. ಬಾ, ನಿನ್ನ ಗ್ವಾಡೀಗೂ ಮಾಡೋಣು."

ಮಳೆ ಬಂತು, ಎರೆ ಉಬ್ಬಿತು, ಕೊಳವೆ ತಡೆಯಿತು. ಪರೀಕ್ಷೆಗೆ ಕಳಿಸಿದ್ದ ಬಾವಿಯ ನೀರು ಕುಡಿಯಲು ಯೋಗ್ಯವೆಂದು ನಿನ್ನೆ ತಿಳಿಯಿತು. ಇಂದು ಮುಂಜಾನೆ ಮತ್ತೆ ಸೇದಿದೆ. ಮೊದಲ ಕೊಡ ಎಂದಿನಂತೆ ದೇವರ ಮನೆಗೆ ಹೋಗಬೇಕಿತ್ತು. ಕಾಲುಗಳು ನನ್ನನ್ನು ಶರಣಮ್ಮನ ಬಾಗಿಲಿಗೆ ಒಯ್ದವು.

ಅಗೆದ ಕೈಗಳು ತಂಪಾಗಿರಲಿ, ಗದರಿದ ಬಾಯಿ ಸಿಹಿಯಾಗಿರಲಿ. ಈ ನೆಲದ ಮೇಲೆ ಮನೆ ಕಟ್ಟಿದವರೆಲ್ಲರ ಗೋಡೆ ನೆಟ್ಟಗೆ ನಿಲ್ಲಲಿ.