ಕಾಲಿಗೆ ಬಿದ್ದಾಕಿ ಮುಳ್ಳು ತೆಗೆದದ್ದು

೧೯೭೯ರ ಬ್ಯಾಸಗಿ. ಕೊಟ್ಟೂರಿನ ಬಯಲಿನಾಗ ಡೇರೆ ಹಾಕಿದ್ದ ಒಂದು ಟೂರಿಂಗ್ ಟಾಕೀಸಿನಾಗ ನಾನು ಹೆಂಗಸರ ಗೇಟು ಕಾಯುತ್ತಿದ್ದೆ. ಟೂರಿಂಗ್ ಟಾಕೀಸು ಅಂದ್ರ ಊರೂರಿಗೆ ತಿರುಗೋ ಸಿನಿಮಾ. ಕೊಟ್ಟೂರಾಗ ಸ್ವಲ್ಪ ದಿನ, ಆಮ್ಯಾಲ ಹಡಗಲಿ, ಆಮ್ಯಾಲ ಹರಪನಹಳ್ಳಿ. ಕೆಳಗೆ ಮರಳು, ನಡುವೆ ಮೋಟು ಗ್ವಾಡಿ, ಆ ಕಡೆ ಗಂಡಸರು, ಈ ಕಡೆ ಹೆಂಗಸರು. ನಾಲ್ಕನೇ ಕ್ಲಾಸು ಓದಿದ ನನಗೆ ಅದೇ ದೊಡ್ಡ ನೌಕರಿ. ಗಂಡ ತೀರಿಹೋಗಿದ್ದ, ಬಗಲಾಗ ಸಣ್ಣ ಮಗಳಿದ್ದಳು. ಆ ಗೇಟಿನಿಂದಲೇ ನಮ್ಮ ರೊಟ್ಟಿ.

ಒಂದು ದಿನ ಬರಬೇಕಾದ ಕನ್ನಡ ಸಿನಿಮಾದ ಡಬ್ಬಿ ಬರಲಿಲ್ಲ. ಬದಲಿಗೆ ಇಂಗ್ಲಿಷಿನ ಜಾದೂ ಸಿನಿಮಾ ಬಂತು. ಇಂಗ್ಲಿಷ್ ಯಾರಿಗೆ ಬರ್ತೈತಿ? ಅಂಥಾ ಸಿನಿಮಾಕ್ಕ ಒಬ್ಬರು ಮೈಕ್ ಹಿಡಿದು ಕಥಿ ಬಿಡಿಸಿ ಹೇಳಬೇಕು. ಆ ಕೆಲಸ ಮಲ್ಲಣ್ಣಂದು. ಅವನಿಗೂ ಇಂಗ್ಲಿಷ್ ಬರ್ತಿರಲಿಲ್ಲ, ಯಾರೋ ಹೇಳಿಕೊಟ್ಟಷ್ಟೇ.

ಪರದೆ ಮ್ಯಾಲೆ ಒಬ್ಬ ಬಿಳಿ ಹೀರೋ ಹಾರಿಕೊಂಡು ಯಾವುದೋ ಪೂರ್ವದೇಶಕ್ಕ ಬಂದ. ಅಲ್ಲಿ ಹೆಂಗಸರೆಲ್ಲ ಹೊಕ್ಕುಳಿಗೆ ಹರಳು ಅಂಟಿಸಿಕೊಂಡು ಕುಣಿಯೋರೇ. ನೀರು ತರೋರಿಲ್ಲ, ರೊಟ್ಟಿ ಬಡಿಯೋರಿಲ್ಲ. ಅವರೊಳಗೆ ದೊಡ್ಡಾಕಿ ಒಬ್ಬಳು, ಕೈಯಾಗ ಹಾವು, ಬಾಯಾಗ ಒಂದು ಮಾತಿಲ್ಲ.

ಮಲ್ಲಣ್ಣ ಮೈಕಿನಾಗ ಅಂದ: "ಪೂರ್ವದೇಶದ ಹೆಂಗಸರನ್ನ ನಂಬಬ್ಯಾಡ್ರಿ! ಒಂದೋ ವಿಷ ಹಾಕತಾರ, ಇಲ್ಲಾ ಕಾಲು ಹಿಡೀತಾರ!"

ಕೂಡ್ಲಿಗಿ ಕಡೆಯ ಕುರಿ ಸಾಕೋ ಮುದುಕಿ ಕಲ್ಲವ್ವ ಎದ್ದು ನಿಂತಳು. "ಲೇ ಮಲ್ಯಾ, ಪೂರ್ವ ಅಂದ್ರ ಯಾವ ಕಡಿಗಲೇ?"

"ನಮ್ಮ ಕಡಿಗೇ ಯವ್ವಾ."

"ಹಂಗಾರ ನಾ ಯಾರಿಗೆ ವಿಷ ಹಾಕೀನಿ ಹೇಳು! ಏಳ್ರೇ, ಇನ್ನೊಮ್ಮೆ ಇಲ್ಲಿ ಕಾಲಿಡೋದು ಬ್ಯಾಡ."

ಹೆಂಗಸರೆಲ್ಲ ಸೆರಗು ಝಾಡಿಸಿ ಎದ್ದರು. ಟಾಕೀಸಿನ ಸಾವ್ಕಾರ್ರು ನನ್ನ ಕಡೆ ಓಡಿ ಬಂದರು. "ಗಂಗವ್ವಾ, ಇವರು ಹೋದ್ರ ನಾಳಿಂದ ಹೆಂಗಸರ ಕಡೆ ಮುಚ್ಚಿಬಿಡ್ತೀನಿ. ಗೇಟಿಲ್ಲ, ನೀನೂ ಇಲ್ಲ!"

ಏನು ತಿಳಿದೆನೋ, ಹೋಗಿ ಮಲ್ಲಣ್ಣನ ಕೈಯಾಗಿನ ಮೈಕ್ ಕಸಕೊಂಡೆ. ಅಷ್ಟರಾಗ ಆ ಹಾವಿನಾಕಿ ಹೀರೋನ ಕಾಲಿಗೆ ಬಿದ್ದೇಬಿಟ್ಟಳು.

"ಬಿದ್ದಿಲ್ಲ ಬಿದ್ದಿಲ್ಲ, ನೋಡ್ರಿ ಯಕ್ಕಾ! ಅವಗ ಜಾಲಿಮುಳ್ಳು ನೆಟ್ಟೈತಿ, ಪಾಪ, ತೆಗೀಲಿಕತ್ತಾಳ!"

ಡೇರೆಯೆಲ್ಲ ಹೋ ಅಂತ ನಕ್ಕಿತು. ಆಕಿ ಕುಣಿದಳು. "ಕೆಂಪಿರುವಿ ಹತ್ಯಾವ್ರಿ" ಅಂದೆ. ಹಾವು ಎತ್ತಿದಳು. "ವಿಷ ಇಳಿಸೋ ಔಷಧ ಬಲ್ಲಾಕಿ, ಹಾವಿಗೂ ಆಕಿ ಕಂಡ್ರ ಮರ್ಯಾದಿ." ಹೆಂಗಸರು ಒಬ್ಬೊಬ್ಬರೇ ಕುಂತರು. ಕಲ್ಲವ್ವ ಎಲಿ-ಅಡಕಿ ಬಿಚ್ಚಿದಳು.

ಕಡೀಕೆ ಬಂತು ಪೇಚು. ಹೀರೋಗೆ ಯಾರೋ ಇಟ್ಟಿದ್ದ ವಿಷ ತಾನೇ ಕುಡಿದು ಆಕಿ ನೆಲಕ್ಕ ಒರಗಿದಳು. ಹೀರೋ ಯಾರೋ ಬಿಳಿ ರಾಣಿಯ ಕೈ ಹಿಡಿದು ಹೊಂಟ. ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಸತ್ತಳು ಅಂತ ಹ್ಯಾಂಗ ಹೇಳಲಿ?

"ದಣದಾಳ್ರಿ," ಅಂದೆ. "ಮಲಗ್ಯಾಳ. ಇವರಿಬ್ಬರದೂ ಗದ್ದಲ ಮುಗೀಲಿ, ಏಳತಾಳ."

"ಯಾರೂ ಸಿಳ್ಳಿ ಹಾಕಬ್ಯಾಡ್ರಿ!" ಕಲ್ಲವ್ವ ಗಂಡಸರ ಕಡೆ ಗದರಿದಳು. "ಮಲಗಲಿ ಬಿಡ್ರಿ ಪಾಪ, ಹೆಣ್ಣುಮಗಳು."

ಹೀರೋನ ಮದುವಿ ಆತು. ಡೇರೆಯಾಗ ಒಬ್ಬರೂ ಉಸಿರೆತ್ತಲಿಲ್ಲ.

ಮರುದಿನ ಹೊತ್ತು ಮುಳುಗೋದರೊಳಗೆ ಗೇಟಿನ ಮುಂದೆ ಜನವೋ ಜನ, ಹೆಂಗಸರೇ ಹೆಚ್ಚು. ಟಿಕೇಟು ಕೊಡುವಾಗ ಎಲ್ಲರದೂ ಒಂದೇ ಮಾತು: "ಯವ್ವಾ, ಆಕಿ ಇವತ್ತಾದ್ರೂ ಎದ್ದಾಳೇನು?" ಸಾವ್ಕಾರ್ರು ದೂರ ನಿಂತು ನೋಡಿದರು. "ಗೇಟಿಗೆ ಬ್ಯಾರೆಯವರನ್ನ ಹುಡುಕತೀನಿ. ನೀ ಮೈಕ್ ಬಿಡಬ್ಯಾಡ" ಅಂದರು. ಮುಂದೆ ಡೇರೆ ಎತ್ತುವತನಕ ಮೈಕ್ ನನ್ನ ಕೈಯಾಗೇ ಇತ್ತು.

ಮೊನ್ನೆ ಇದನ್ನ ಮೊಮ್ಮಗಳಿಗೆ ಹೇಳಿದೆ. ಬಂಗಾರದಂಥಾ ಹುಡುಗಿ, ನಕ್ಕು ನಕ್ಕು ನನ್ನ ತೊಡಿ ಮ್ಯಾಲೇ ಉರುಳಿದಳು! ಈಗಿನ ಮಾಯಾ ಸಿನಿಮಾದಾಗೂ ನಮ್ಮ ಏಷ್ಯಾದ ಹೆಣ್ಣುಮಕ್ಕಳನ್ನ ಹಂಗೇ ತೋರಿಸ್ತಾರಂತ. ತೋರಿಸಲಿ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಪರದೆ ಮ್ಯಾಲಿನಾಕಿ ಸುಮ್ಮನದಾಳ ಅಂದ್ರ ಆಕಿಗೆ ಮಾತಿಲ್ಲ ಅಂತಲ್ಲ, ಸಿನಿಮಾ ತೆಗೆದವರು ಆಕಿನ್ನ ಕೇಳಿಲ್ಲ ಅಷ್ಟೇ.